ಕೆಂಚನ ಮಂಡಿ ಆಪರೇಷನ್ ಆದಮೇಲೆ ನಾನು ಮಾಡಿದ್ದು

ಮಂಡಿ ಕೆಟ್ಟ ನಾಯಿ ಸೋಮಾರಿಯಾಗಿದ್ದರೆ ಅರ್ಧ ಕೆಲಸ ಅದೇ ಮುಗಿಸಿಕೊಡುತ್ತದೆ. ಮೂಲೆ ಹಿಡಿದು ಮಲಗುತ್ತದೆ, ವಾಸಿಯಾಗುತ್ತದೆ. ಕಷ್ಟ ಇರುವುದು ನಮ್ಮ ಕೆಂಚನಂಥವರ ಹತ್ತಿರ. ಮುಧೋಳ ಮತ್ತು ಊರ ನಾಯಿಯ ಬೆರಕೆ, ಹತ್ತಿರ ಹತ್ತಿರ 25 ಕೆಜಿ, ಹಂದಿ ಕಂಡರೂ ಓಟ, ನವಿಲು ಕಂಡರೂ ಓಟ, ಏನೂ ಕಾಣದಿದ್ದರೆ ಸುಮ್ನೆ ಟೊಮೆಟೊ ಸಾಲುಗಳ ಮಧ್ಯೆ ಓಟ. ಇಂಥ ನಾಯಿಗೆ ನೋವು ಕಡಿಮೆಯಾದ ದಿನವೇ ಅಪಾಯ ಶುರು. ಒಳಗಿನ ಗಾಯ ಇನ್ನೂ ಹಸಿ ಇರುತ್ತದೆ, ಅವನಿಗೆ ಮಾತ್ರ ಎಲ್ಲ ಸರಿಹೋಗಿದೆ. ಆ ತಿಂಗಳುಗಳಲ್ಲಿ ನಾನು ಮಾಡಿದ ಕೆಲಸವೆಲ್ಲ ಹೆಚ್ಚು ಕಡಿಮೆ ಇದೊಂದನ್ನು ನಿಭಾಯಿಸಿದ್ದು.

ಕೋಲಾರದಿಂದ ಶ್ರೀನಿವಾಸಪುರದ ಕಡೆ ಹೋಗುವ ದಾರಿಯಲ್ಲಿ ನಮ್ಮ ಜಮೀನು. ಟೊಮೆಟೊ, ಸ್ವಲ್ಪ ಮಾವು, ಎರಡು ಹಸು. ಹಂದಿ ಅಟ್ಟಿಸಿಕೊಂಡು ಹೋದವನು ಗಕ್ಕನೆ ತಿರುಗಿದಾಗ ಕುಯ್ಯೋ ಅಂದ, ಬಲಗಡೆಯ ಹಿಂಗಾಲು ಎತ್ತಿಕೊಂಡೇ ಮನೆಗೆ ಬಂದ. ಆಮೇಲೆ ನೆನಪು ಮಾಡಿಕೊಂಡರೆ ಅದಕ್ಕೂ ಮೊದಲೇ ಸೂಚನೆ ಇತ್ತು. ಬೆಳಿಗ್ಗೆ ಎದ್ದಾಗ ಸ್ವಲ್ಪ ಕುಂಟು, ಹತ್ತು ಹೆಜ್ಜೆ ಹಾಕಿದರೆ ಮಾಯ. ಕೂತರೆ ಆ ಕಾಲನ್ನು ಪೂರ್ತಿ ಮಡಚದೆ ಪಕ್ಕಕ್ಕೆ ಚಾಚಿಕೊಳ್ಳುತ್ತಿದ್ದ. ನಿಮ್ಮ ನಾಯಿ ಹೀಗೆ ಕೂರುತ್ತಿದ್ದರೆ ಆಗಲೇ ತೋರಿಸಿ.

ನಮ್ಮ ಕಡೆ ಮೂಳೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಪುತ್ತೂರು ಕಟ್ಟು, ಆಂಧ್ರದ ಪುತ್ತೂರಿನ ನಾಟಿ ವೈದ್ಯರು ಮುರಿದ ಮೂಳೆಗೆ ಹಾಕುವ ಕಟ್ಟು. ಪಕ್ಕದ ತೋಟದವರು, "ಅಣ್ಣ, ಡಾಕ್ಟರು ಗೀಕ್ಟರು ಯಾಕೆ, ಕಟ್ಟು ಹಾಕ್ಸಿ ಬಿಡಿ" ಅಂದರು. ಮೂಳೆ ಮುರಿದಿದ್ದರೆ ಆ ಮಾತು ಬೇರೆ. ಇವನಿಗೆ ಹರಿದದ್ದು ಮಂಡಿಯ ಒಳಗೆ ಮೂಳೆಗೆ ಮೂಳೆ ಬಿಗಿದಿಡುವ ನಾರು, ಕ್ರೂಸಿಯೇಟ್ ಲಿಗಮೆಂಟ್, ಮನುಷ್ಯರಲ್ಲಿ ಕಬಡ್ಡಿ ಆಡುವವರಿಗೆ ಎಸಿಎಲ್ ಹರಿಯಿತು ಅಂತಾರಲ್ಲ, ಅದೇ ಜಾಗದ್ದು. ಹೊರಗಿಂದ ಎಷ್ಟು ಬಿಗಿದರೂ ಒಳಗಿನದು ಕೂಡಿಕೊಳ್ಳುವುದಿಲ್ಲ. ಅಲ್ಲದೆ ನಾಯಿಯ ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ, ಕಟ್ಟಿದ ಬ್ಯಾಂಡೇಜು ಜಾರಿ ಮಂಡಿಯ ಕೆಳಗೇ ಬಂದು ಕೂರುತ್ತದೆ.

ಡಾಕ್ಟರು ತೊಡೆ ಮೂಳೆಯನ್ನು ಒಂದು ಕೈಯಲ್ಲಿ, ಕೆಳಗಿನ ಮೂಳೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮುಂದಕ್ಕೆ ತಳ್ಳಿ ನೋಡಿದರು. ಕೆಳಗಿನ ಮೂಳೆ ಮೇಜಿನ ಡ್ರಾಯರ್ ಎಳೆದ ಹಾಗೆ ಮುಂದಕ್ಕೆ ಬಂತು. ಈ ಪರೀಕ್ಷೆಗೆ ಡ್ರಾಯರ್ ಟೆಸ್ಟ್ ಅಂತಲೇ ಹೆಸರು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ, ಕೀಲಲ್ಲಿ ತುಂಬಿದ ನೀರು, ಮೂಳೆ ಸವೆತ ಕಾಣುತ್ತದೆ. ನಾಯಿಯ ಕೆಳಮೂಳೆಯ ತಲೆ ಹಿಂದಕ್ಕೆ ಇಳಿಜಾರಾಗಿರುತ್ತದಂತೆ, ಎಷ್ಟೋ ನಾಯಿಗಳಲ್ಲಿ 25 ಡಿಗ್ರಿ ಆಸುಪಾಸು. ಹಾಗಾಗಿ ಕಾಲೂರಿದಾಗಲೆಲ್ಲ ಆ ಮೂಳೆ ಮುಂದಕ್ಕೆ ಜಾರಲು ನೋಡುತ್ತದೆ, ಲಿಗಮೆಂಟ್ ಅದನ್ನು ತಡೆದು ತಡೆದು ಎಳೆ ಎಳೆಯಾಗಿ ಸವೆಯುತ್ತದೆ. ಹಂದಿ ಒಂದು ನೆಪ ಅಷ್ಟೇ.

ಸಣ್ಣ ನಾಯಿ, 15 ಕೆಜಿ ಒಳಗಿದ್ದರೆ ಆಪರೇಷನ್ ಇಲ್ಲದೆಯೂ ಎಷ್ಟೋ ಸಲ ಸುಧಾರಿಸುತ್ತದೆ. ಇವನ ತೂಕಕ್ಕೆ, ಇವನ ಓಟಕ್ಕೆ ಆಪರೇಷನ್ನೇ ಸರಿ ಅಂದರು. ಮೂಳೆ ಕತ್ತರಿಸಿ ಆ ಇಳಿಜಾರನ್ನೇ ತಗ್ಗಿಸಿ ಪ್ಲೇಟ್ ಹಾಕುವ ಟಿಪಿಎಲ್‌ಒ ಅಂತ ಒಂದಿದೆ, ದುಬಾರಿ. ಆ ವರ್ಷ ಟೊಮೆಟೊ ರೇಟು ಹೇಗಿತ್ತು ಅಂತ ಕೋಲಾರದವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಮಂಡಿಯ ಹೊರಬದಿಗೆ ದಪ್ಪ ನೈಲಾನ್ ದಾರ ಬಿಗಿಯುವ ಆಪರೇಷನ್ ಮಾಡಿಸಿದೆವು. ಆ ದಾರ ಕೊನೆತನಕ ಇರುವುದಿಲ್ಲ. ಕೆಲವು ತಿಂಗಳಲ್ಲಿ ಸಡಿಲವಾಗಬಹುದು, ತುಂಡಾಗಲೂಬಹುದು. ಅಷ್ಟರಲ್ಲಿ ಮಂಡಿಯ ಸುತ್ತ ದೇಹವೇ ಗಟ್ಟಿ ಪೊರೆ ಬೆಳೆಸಿಕೊಂಡು ಕೀಲನ್ನು ಹಿಡಿದುಕೊಳ್ಳಬೇಕು. ಮೊದಲ ಎಂಟು ವಾರ ಓಟ, ನೆಗೆತ ಬೇಡವೇ ಬೇಡ ಅನ್ನುವುದು ಇದಕ್ಕೇ. ಈ ಕಾರಣವನ್ನು ಮನೆಯವರಿಗೆಲ್ಲ ಬಿಡಿಸಿ ಹೇಳುವುದು ಒಳ್ಳೆಯದು. ನಾನು ಹೇಳಿದ್ದರೂ ಅಮ್ಮನ ಮನಸ್ಸು ಕೇಳಬೇಕಲ್ಲ. "ಪಾಪ, ಮೂಕ ಪ್ರಾಣಿ ಕಣೋ, ಎಷ್ಟೊತ್ತು ಅಂತ ಕಟ್ಟಾಕ್ತೀಯ" ಅಂತ ಬಿಚ್ಚೋಕೆ ಹೋಗುತ್ತಿದ್ದರು. ಕೊನೆಗೆ ಅಮ್ಮನಿಗೇ ಅವನನ್ನು ಕೂರಿಸಿ ಏಳಿಸುವ ಡ್ಯೂಟಿ ಕೊಟ್ಟೆ. ಆಮೇಲೆ ನನಗಿಂತ ಅವರೇ ಸ್ಟ್ರಿಕ್ಟ್ ಆದರು.

ಮೊದಲ ಮೂರು ದಿನ ಐಸ್. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಟ್ಟೆ ಸುತ್ತಿ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಊತ ಇಳಿದ ಮೇಲೆ ಬಿಸಿ ಬಟ್ಟೆ ಶಾಖ. ಶಾಖ ಕೊಟ್ಟ ಮೇಲೆ ಪಕ್ಕಕ್ಕೆ ಮಲಗಿಸಿ ಮಂಡಿಯನ್ನು ನಿಧಾನವಾಗಿ ಮಡಚಿ ಬಿಚ್ಚುವುದು. ಅವನು ತಲೆ ತಿರುಗಿಸಿ ನನ್ನ ಕೈ ನೋಡಿದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಹೊರಗೆ ಕರೆದುಕೊಂಡು ಹೋಗುವಾಗ ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಹಳೇ ಪಂಚೆ ತೂರಿಸಿ ಮೇಲೆ ಹಿಡಿದುಕೊಳ್ಳಬೇಕು. ಎತ್ತುವುದಕ್ಕಲ್ಲ, ಜಾರಿದರೆ ಹಿಡಿಯುವುದಕ್ಕೆ.

ನೆಲದ ಬಗ್ಗೆ ಯಾರೂ ಮೊದಲು ಹೇಳುವುದಿಲ್ಲ. ಈಗ ಹಳ್ಳಿ ಮನೆಯಲ್ಲೂ ಟೈಲ್ಸ್, ಗ್ರಾನೈಟ್. ಮಂಡಿ ಕೆಟ್ಟ ನಾಯಿಗೆ ಅದರಷ್ಟು ಕೆಟ್ಟ ನೆಲ ಇನ್ನೊಂದಿಲ್ಲ. ಒಂದು ಸಲ ಕಾಲು ಜಾರಿ ಅಗಲವಾದರೆ ವಾರದ ಕೆಲಸ ಹಾಳು. ಗೋಣಿಚೀಲ ಹಾಸಿದರೆ ಗೋಣಿಚೀಲವೇ ಜಾರುತ್ತದೆ. ಕೊಟ್ಟಿಗೆಯಲ್ಲಿ ಹಸುವಿಗೆ ಹಾಕುವ ದಪ್ಪ ರಬ್ಬರ್ ಮ್ಯಾಟ್ ಇದೆಯಲ್ಲ, ಅದನ್ನೇ ಹಾಲ್‌ನಿಂದ ಬಾಗಿಲವರೆಗೆ ಹಾಸಿದೆ. ನೋಡೋಕೆ ಚೆನ್ನಾಗಿರಲಿಲ್ಲ, ಬಂದ ನೆಂಟರೆಲ್ಲ ಕೇಳೋರು. ಜೊತೆಗೆ ಉಗುರು ಕತ್ತರಿಸಿ, ಪಾದದ ಗದ್ದಿಗೆಗಳ ಮಧ್ಯೆ ಕೂದಲಿದ್ದರೆ ಅದನ್ನೂ ಕತ್ತರಿಸಿ. ಉದ್ದ ಉಗುರಿದ್ದರೆ ಪಾದ ಸರಿಯಾಗಿ ನೆಲ ಹಿಡಿಯುವುದಿಲ್ಲ.

ಈಗ ನಡಿಗೆಗೆ ಬರುತ್ತೇನೆ, ನಾನು ಜಾಸ್ತಿ ಕಲಿತದ್ದು ಇಲ್ಲೇ. ಕುಂಟುವ ನಾಯಿ ಬೇಗ ನಡೆದರೆ ಆ ಕಾಲನ್ನು ಎತ್ತಿಕೊಂಡು ಮೂರು ಕಾಲಲ್ಲಿ ಕುಪ್ಪಳಿಸಿಬಿಡುತ್ತದೆ. ನಿಧಾನವಾಗಿ ನಡೆಸಿದರೆ ಬೇರೆ ದಾರಿಯೇ ಇಲ್ಲ, ನಾಲ್ಕೂ ಕಾಲು ಊರಲೇಬೇಕು. ಎಷ್ಟು ನಿಧಾನ ಅಂದರೆ ನಮಗೇ ಬೇಸರ ಬರುವಷ್ಟು. ಒಂದೊಂದು ಹೆಜ್ಜೆಗೂ ಪಾದ ಪೂರ್ತಿ ನೆಲಕ್ಕೆ ಬಂತಾ ಅಂತ ನೋಡುತ್ತಾ ನಡೆಯಬೇಕು. ಬರಲಿಲ್ಲವೋ, ಇನ್ನೂ ನಿಧಾನ. ಶುರುವಿನಲ್ಲಿ ಐದೈದು ನಿಮಿಷದ ನಡಿಗೆ, ದಿನಕ್ಕೆ ಮೂರು ನಾಲ್ಕು ಸಲ, ಆಮೇಲೆ ಎಲ್ಲ ಸರಿ ಇದ್ದರೆ ಮಾತ್ರ ವಾರಕ್ಕೆ ಐದು ನಿಮಿಷ ಜಾಸ್ತಿ. ಬಿಸಿಲುಗಾಲವಾದರೆ ಬೆಳಿಗ್ಗೆ ಏಳರೊಳಗೆ ಮುಗಿಸಿ.

ಸರಿ ಇದೆಯೋ ಇಲ್ಲವೋ ಅನ್ನುವುದನ್ನು ಆಗಿಂದಾಗ್ಗೆ ನಾಯಿಯ ಮುಖ ನೋಡಿ ತಿಳಿಯೋಕೆ ಆಗಲ್ಲ. ಕೆಂಚನ ಮುಖ ಯಾವಾಗಲೂ "ಇನ್ನೂ ಹೋಗೋಣ" ಅಂತಲೇ ಹೇಳುತ್ತದೆ. ಮಾರನೇ ಬೆಳಿಗ್ಗೆ ಮಲಗಿದ ಜಾಗದಿಂದ ಎದ್ದು ಮೊದಲ ಹತ್ತು ಹೆಜ್ಜೆ ಹೇಗೆ ಹಾಕುತ್ತಾನೆ, ಅದೇ ನನ್ನ ಲೆಕ್ಕ. ನಿನ್ನೆಗಿಂತ ಜಾಸ್ತಿ ಕುಂಟಿದರೆ ನಿನ್ನೆಯದು ಜಾಸ್ತಿಯಾಗಿದೆ ಅಂತ ಅರ್ಥ, ಇವತ್ತು ಅರ್ಧ ಮಾಡು. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಹಿಂದಿನಿಂದ ಮತ್ತು ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡು ವಿಡಿಯೋ ಅಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಟೈಲರ್ ಟೇಪಿನಿಂದ ಎರಡೂ ತೊಡೆಯ ಸುತ್ತಳತೆ ಕೂಡ. ಕಾಲು ಊರದಿದ್ದರೆ ತೊಡೆಯ ಮಾಂಸ ಬಹಳ ಬೇಗ ಇಳಿದುಹೋಗುತ್ತದೆ, ವಾಪಸ್ ಬರೋಕೆ ತಿಂಗಳುಗಟ್ಟಲೆ ಬೇಕು.

ವ್ಯಾಯಾಮದ ಸಾಮಾನಿಗೆ ದುಡ್ಡು ಖರ್ಚು ಮಾಡಲಿಲ್ಲ. ಟೊಮೆಟೊ ಗಿಡಕ್ಕೆ ನೆಡುವ ನೀಲಗಿರಿ ಕಡ್ಡಿಗಳು ತೋಟದಲ್ಲೇ ಬಿದ್ದಿರುತ್ತವೆ. ಆರು ಕಡ್ಡಿಯನ್ನು ಒಂದೊಂದು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಅಡ್ಡಡ್ಡ ಇಟ್ಟು ನಿಧಾನವಾಗಿ ದಾಟಿಸುವುದು. ಕಾಲೆತ್ತಿ ಮಡಚಿ ಇಡಲೇಬೇಕಾಗುತ್ತದೆ, ಮಂಡಿ ತಾನಾಗಿ ಬಗ್ಗುತ್ತದೆ. ಚೆನ್ನಾಗಿ ದಾಟಿದ ಮೇಲೆ ಕಡ್ಡಿಯ ತುದಿಗೆ ಇಟ್ಟಿಗೆ ಕೊಟ್ಟು ಸ್ವಲ್ಪ ಎತ್ತರಿಸಿದೆ. ನೆಗೆದು ದಾಟಿದರೆ ಎತ್ತರ ಜಾಸ್ತಿಯಾಯಿತು ಅಂತ, ಇಳಿಸಬೇಕು. ಗೋಡೆಗೂ ಟೊಮೆಟೊ ಕ್ರೇಟುಗಳ ಸಾಲಿಗೂ ಮಧ್ಯೆ ಓಣಿ ಮಾಡಿ ಹಿಂದಕ್ಕೆ ನಡೆಸುವುದು ಇನ್ನೊಂದು. ಕಡ್ಡಿ ನೆಟ್ಟು ಅದರ ಸುತ್ತ ಎಂಟರ ಆಕಾರದಲ್ಲಿ ಸುತ್ತಿಸುವುದು ಸ್ವಲ್ಪ ತಡವಾಗಿ, ಆರು ವಾರ ಕಳೆದ ಮೇಲೆ. ಕೆರೆ ಏರಿಯ ಇಳಿಜಾರಿನಲ್ಲಿ ಓರೆಯಾಗಿ ಹತ್ತಿಸುವುದು ಅದಕ್ಕೂ ಆಮೇಲೆ.

ಅಮ್ಮನ ಡ್ಯೂಟಿಯಾದ ಕೂತು ಏಳುವ ಕೆಲಸಕ್ಕೆ ಒಂದು ಉಪಾಯ ಬೇಕು. ಕೆಟ್ಟ ಕಾಲು ಗೋಡೆಯ ಕಡೆ ಬರುವ ಹಾಗೆ ನಿಲ್ಲಿಸಿ ಕೂರಿಸಿದರೆ ಕಾಲನ್ನು ಪಕ್ಕಕ್ಕೆ ಚಾಚೋಕೆ ಜಾಗ ಇರುವುದಿಲ್ಲ, ನೇರ ಕೂರುತ್ತಾನೆ. ಐದಾರು ಸಲ ಸಾಕು, ಸರಿಯಾಗಿ.

ಇನ್ನು ನೀರು. ನೀರು ಸೊಂಟದ ಮಟ್ಟ ಇದ್ದರೆ ನಾಯಿಯ ಕಾಲಿನ ಮೇಲೆ ಬೀಳುವುದು ಮೈತೂಕದ ಸುಮಾರು 38 ಭಾಗ ಮಾತ್ರ, ನೂರಕ್ಕೆ. ಮಂಡಿಮಟ್ಟ ಇದ್ದರೆ 85. ದೊಡ್ಡ ಊರುಗಳಲ್ಲಿ ನೀರಿನೊಳಗೆ ಟ್ರೆಡ್‌ಮಿಲ್ ಇಟ್ಟು ನಡೆಸುವುದು ಇದಕ್ಕೇ. ನಮ್ಮಲ್ಲಿ ಬೋರ್‌ವೆಲ್ ನೀರು ಬೀಳುವ ಉದ್ದನೆಯ ಸಿಮೆಂಟ್ ತೊಟ್ಟಿ ಇತ್ತು. ಪಾಚಿ ಉಜ್ಜಿ ತೆಗೆದು, ತಳಕ್ಕೆ ಮತ್ತೆ ಅದೇ ಹಸುವಿನ ಮ್ಯಾಟ್ ಹಾಸಿ, ಸೊಂಟದ ಮಟ್ಟಕ್ಕೆ ನೀರು ಬಿಟ್ಟು ನಾನೂ ಇಳಿದು ಆ ಕಡೆಯಿಂದ ಈ ಕಡೆಗೆ ನಡೆಸಿದೆ. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಒಣಗಿದ ಮೇಲೆ ಮಾತ್ರ.

ಕೃಷಿ ಹೊಂಡದಲ್ಲಿ ಈಜಿಸೋಣ ಅಂತ ಯಾರಾದರೂ ಹೇಳಿದರೆ ಖಂಡಿತ ಬೇಡ ಅನ್ನಿ. ಹಾಸಿರುವ ಪ್ಲಾಸ್ಟಿಕ್ ಹಾಳೆ ಎಷ್ಟು ಜಾರುತ್ತದೆ ಅಂದರೆ ಒಳಗೆ ಬಿದ್ದ ಮನುಷ್ಯರೇ ಮೇಲೆ ಬರೋಕೆ ಆಗುವುದಿಲ್ಲ, ಇನ್ನು ಒಂದು ಕಾಲಿನ ಬಲ ಇಲ್ಲದ ನಾಯಿ? ಕೆರೆ ಅಂದರೆ, ಕೆಸಿ ವ್ಯಾಲಿ ನೀರು 2018ರಿಂದ ಬರುತ್ತಿರುವುದರಿಂದ ನಮ್ಮ ಜಿಲ್ಲೆಯ ಎಷ್ಟೋ ಕೆರೆ ತುಂಬಿವೆ, ಸಂತೋಷವೇ. ಆದರೆ ಅದು ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ಬಿಡುವುದು. ಆಪರೇಷನ್ ಆದ ನಾಯಿಯನ್ನು ಅದಕ್ಕೆ ಇಳಿಸೋಕೆ ನನಗೆ ಧೈರ್ಯ ಬರಲಿಲ್ಲ.

ಇಷ್ಟೆಲ್ಲ ಮಾಡಿದರೂ ದಿನದಲ್ಲಿ ಒಂದು ಗಂಟೆಯ ಕೆಲಸ. ಉಳಿದ ಹೊತ್ತು ಅವನನ್ನು ಏನು ಮಾಡುವುದು? ಕಟ್ಟಿ ಹಾಕಿದ ಓಟದ ನಾಯಿ ಎರಡೇ ದಿನಕ್ಕೆ ಚೈನು ಕಡಿಯಲು, ಬೊಗಳಲು, ಕಟ್ಟಿದಲ್ಲೇ ಗಿರಗಿರ ಸುತ್ತಲು ಶುರುಮಾಡುತ್ತದೆ. ಹಾಗೆ ಸುತ್ತುವುದು ಮಂಡಿಗೆ ಓಟಕ್ಕಿಂತ ಕೆಟ್ಟದು. ಊಟವನ್ನು ತಟ್ಟೆಯಲ್ಲಿ ಹಾಕುವುದನ್ನೇ ಬಿಟ್ಟೆವು. ಬೇಯಿಸಿದ ಕೋಳಿ ಚೂರುಗಳನ್ನು ಹಳೇ ಗೋಣಿಚೀಲದ ಮಡಿಕೆಗಳಲ್ಲಿ ಸುತ್ತಿಟ್ಟು ಹುಡುಕಿಸುವುದು, ಕ್ರೇಟಿನಲ್ಲಿ ಒಣಹುಲ್ಲು ತುಂಬಿ ತಳದಲ್ಲಿ ಮೊಟ್ಟೆ ಚೂರು ಹಾಕುವುದು. ಮೂಸಿ ಹುಡುಕುವ ಕೆಲಸ ಅರ್ಧ ಗಂಟೆ ಕೊಟ್ಟರೆ ಓಡಿ ಬಂದವನ ಹಾಗೆ ಸುಸ್ತಾಗಿ ಮಲಗುತ್ತಿದ್ದ. ಇದು ಸಿಗದೇ ಹೋಗಿದ್ದರೆ ಎಂಟು ವಾರ ಅವನನ್ನು ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ.

ಊಟ ಅಂದೆನಲ್ಲ, ಓಟ ನಿಂತ ಮೇಲೆ ಮೊದಲಿನಷ್ಟೇ ಮುದ್ದೆ ಹಾಕಿದರೆ ತೂಕ ಏರುತ್ತದೆ, ಏರಿದ ತೂಕವೆಲ್ಲ ಮಂಡಿಗೆ. ಮುದ್ದೆ ಅರ್ಧಕ್ಕೆ ಇಳಿಸಿ ಮೊಟ್ಟೆ, ಕೋಳಿ ಸ್ವಲ್ಪ ಏರಿಸಿದೆ. ಕೈಯಾಡಿಸಿದರೆ ಪಕ್ಕೆಲುಬು ಸುಲಭವಾಗಿ ಸಿಗಬೇಕು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ, 48 ಲ್ಯಾಬ್ರಡಾರ್‌ಗಳಲ್ಲಿ ಅರ್ಧಕ್ಕೆ ಜೀವಮಾನವಿಡೀ ಕಾಲು ಭಾಗ ಊಟ ಕಡಿಮೆ ಕೊಟ್ಟಿದ್ದು. ಆ ನಾಯಿಗಳು ಹತ್ತಿರ ಹತ್ತಿರ ಎರಡು ವರ್ಷ ಜಾಸ್ತಿ ಬದುಕಿದವು, ಕೀಲು ಸವೆತವೂ ತಡವಾಗಿ ಬಂತು. ಕೀಲಿಗೆ ಅಂತ ಮಾರುವ ಪುಡಿ, ಸಿರಪ್ಪುಗಳಿಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಬೇಡ. ದ್ರಾಕ್ಷಿಯಂತೂ ಬೇಡವೇ ಬೇಡ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟದಲ್ಲೇ ನಾಯಿ ಸಾಕಿರುತ್ತಾರೆ, ಅದು ನಾಯಿಯ ಕಿಡ್ನಿ ಕೆಡಿಸುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮಾತ್ರೆ ವಿಷಯ ಚಿಕ್ಕದಾಗಿ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫಿನಾಕ್, ಪ್ಯಾರಾಸಿಟಮಾಲ್ ನಾಯಿಗೆ ಹಾಕಬೇಡಿ. ಡಾಕ್ಟರು ಮೆಲಾಕ್ಸಿಕಾಮ್ ಥರದ ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ಅದರ ಜೊತೆ ಸ್ಟೀರಾಯ್ಡ್ ಕೂಡದು. ವಾಂತಿ ಆದರೆ, ಕಪ್ಪು ಭೇದಿ ಆದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ.

ಮುಂಗಾಲನ್ನೂ ಮರೆಯಬೇಡಿ. ನಾಯಿ ಮೊದಲೇ ಮೈತೂಕದ ನೂರಕ್ಕೆ 60 ಭಾಗವನ್ನು ಮುಂಗಾಲಿನ ಮೇಲೆ ಹೊರುತ್ತದೆ, ಹಿಂಗಾಲು ಕೆಟ್ಟರೆ ಇನ್ನೂ ಜಾಸ್ತಿ. ಕೆಂಚನ ಭುಜ ಕಲ್ಲಾಗಿತ್ತು, ದಿನಾ ರಾತ್ರಿ ತಿಕ್ಕುತ್ತಿದ್ದೆ. ಇನ್ನೊಂದು ಹಿಂಗಾಲೂ ಅಷ್ಟೇ. ಒಂದು ಮಂಡಿಯ ಲಿಗಮೆಂಟ್ ಹೋದ ನಾಯಿಗಳಲ್ಲಿ ಹೆಚ್ಚು ಕಡಿಮೆ ಅರ್ಧಕ್ಕೆ ಒಂದೆರಡು ವರ್ಷದಲ್ಲಿ ಇನ್ನೊಂದೂ ಹೋಗುತ್ತದೆ. ಹಾಗಾಗಿ ಈಗ ಅವನು ಚೆನ್ನಾಗಿ ಓಡಾಡುತ್ತಿದ್ದರೂ ಕಡ್ಡಿ ದಾಟುವುದು, ಕೂತು ಏಳುವುದು ವಾರಕ್ಕೆ ಮೂರು ದಿನ ನಡೆದೇ ಇದೆ. ನೇರ ಓಟಕ್ಕೆ ಬಿಡುತ್ತೇನೆ. ಚೆಂಡು ಎಸೆಯುವುದು ಪೂರ್ತಿ ಬಂದ್, ಗಕ್ಕನೆ ನಿಂತು ತಿರುಗುವುದು ಅದರಲ್ಲೇ ಜಾಸ್ತಿ. ಟ್ರೈಲರ್‌ನಿಂದ ಹಾರಿ ಇಳಿಯುವ ಚಾಳಿಗೆ ಅಗಲವಾದ ಹಲಗೆ ಒರಗಿಸಿ ಮೇಲೆ ಮ್ಯಾಟಿನ ತುಂಡು ಹೊಡೆದಿದ್ದೇನೆ. ದೀಪಾವಳಿಯ ಮೂರು ದಿನ ಕತ್ತಲಾಗುವ ಮೊದಲೇ ಒಳಗೆ ಕಟ್ಟುತ್ತೇವೆ, ಪಟಾಕಿ ಸದ್ದಿಗೆ ಕಿತ್ತುಕೊಂಡು ಓಡಿದರೆ ನೇರ ಓಡು ಅಂತ ಅವನಿಗೆ ಹೇಳೋಕೆ ಆಗಲ್ಲವಲ್ಲ.