ರಸ್ತೆಯ ಹೊಂಡಕ್ಕೆ ಇಂಗ್ಲಿಷಿನಲ್ಲಿ ಯಾವ ಪದ? ಅರ್ಜಿ ಬರೆಯುವವರಿಗೊಂದು ಕ್ರಮ

ಕಳೆದ ಮಳೆಗಾಲದಲ್ಲಿ ಕುಮಟಾ ಕಡೆಯ ಪರಿಚಿತರೊಬ್ಬರು ಮನೆಯೆದುರಿನ ರಸ್ತೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಅರ್ಜಿಯೊಂದನ್ನು ತಿದ್ದಿಸಿಕೊಳ್ಳಲು ತಂದಿದ್ದರು. ಒಂದೇ ಹೊಂಡವನ್ನು ಅವರು ಮೊದಲ ಸಾಲಿನಲ್ಲಿ ‘ಡಿಚ್’ ಎಂದೂ ನಡುವೆ ‘ಪಿಟ್’ ಎಂದೂ ಕರೆದು, ಸಿಟ್ಟು ಏರಿದ ಕೊನೆಯ ಸಾಲಿನಲ್ಲಿ ‘ಕ್ರೇಟರ್’ ಮಾಡಿಬಿಟ್ಟಿದ್ದರು. ಹಿಂದೆ ಕಳಿಸಿದ್ದ ಇಂಥದೇ ಅರ್ಜಿಯನ್ನು ಹಿಡಿದು ಬಂದ ಸಿಬ್ಬಂದಿ ರಸ್ತೆಯ ಪಕ್ಕದ ಗಟಾರವನ್ನು ನೋಡಿ, ಅದು ಸರಿಯಾಗಿಯೇ ಇದೆಯೆಂದು ಬರೆದುಕೊಂಡು ಹೋಗಿದ್ದರಂತೆ. ಅವರನ್ನು ಪೂರ್ತಿ ದೂರುವಂತಿಲ್ಲ. ಡಿಚ್ ಎಂದರೆ ನೀರು ಹರಿಯಲೆಂದು ಉದ್ದಕ್ಕೆ ತೋಡಿದ ಕಾಲುವೆಯೇ.

ತೊಡಕಿನ ಮೂಲ ನಮ್ಮ ‘ಹೊಂಡ’ದಲ್ಲಿದೆ. ದೇವಸ್ಥಾನದ ಪುಷ್ಕರಣಿಯೂ ಹೊಂಡ, ಗದ್ದೆಯ ಮೂಲೆಯ ಕೃಷಿ ಹೊಂಡವೂ ಹೊಂಡ, ಬೈಕಿನ ಚಕ್ರ ಇಳಿಯುವ ಜಾಗವೂ ಹೊಂಡ. ಧಾರವಾಡದವರ ‘ತಗ್ಗು’, ಬೆಂಗಳೂರಿನವರ ‘ಗುಂಡಿ’ ಕೂಡ ಹೀಗೆಯೇ ಹಲವು ಕೆಲಸ ಮಾಡುತ್ತವೆ. ಇಂಗ್ಲಿಷಿನಲ್ಲಾದರೋ ಹೊಂಡ ಹೇಗೆ ಆಯಿತೆಂಬುದನ್ನು ನೋಡಿ ಹೆಸರಿಡುವುದೇ ಹೆಚ್ಚು.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಯಾರಾದರೂ ತೋಡಿದ್ದೋ ತಾನಾಗಿ ಬಿದ್ದದ್ದೋ ಎಂದು. ಗೊಬ್ಬರಕ್ಕೋ ಕಂಬ ಹುಗಿಯುವುದಕ್ಕೋ ಅಗೆದದ್ದು ಪಿಟ್. ಬೆಟ್ಟದ ಗಡಿಗೆ ಹೊಡೆಸುವ ಅಗಳ, ಕೇಬಲ್ ಹಾಕಲು ಅಗೆದು ಮುಚ್ಚದೆ ಬಿಟ್ಟ ಉದ್ದನೆಯ ಸೀಳು, ಇವೆರಡೂ ಟ್ರೆಂಚ್. ಒಳಚರಂಡಿಗೆ ಆಳು ಇಳಿಯಲೆಂದು ಮುಚ್ಚಳವಿಟ್ಟು ಕಟ್ಟಿದ್ದು ಮ್ಯಾನ್‌ಹೋಲ್. ಇವುಗಳಲ್ಲಿ ಯಾವುದಾದರೂ ಆಗಿದ್ದರೆ ದೂರು ಹೋಗಬೇಕಾದದ್ದು ಅಗೆದವರ ಅಥವಾ ಕಟ್ಟಿದವರ ಬಳಿಗೆ. (‘ಹೋಲ್’ ಇದೆಯೆಂದು ಲೂಪ್‌ಹೋಲ್ ಅನ್ನು ರಸ್ತೆಯ ಮೇಲೆ ಹುಡುಕಬಾರದು, ಅದು ಗುತ್ತಿಗೆಯ ಕರಾರಿನಲ್ಲಿ ನುಣುಚಿಕೊಳ್ಳಲು ಸಿಗುವ ಸಂದು.)

ತಾನಾಗಿ ಬಿದ್ದದ್ದಾದರೆ, ಮೇಲಿನಿಂದ ಸವೆದು ಬಿತ್ತೋ ಕೆಳಗಿನಿಂದ ಕುಸಿದು ಬಿತ್ತೋ ಎಂಬುದನ್ನು ನೋಡಬೇಕು. ಪಾಟ್‌ಹೋಲ್ ಆಗುವುದು ಮೇಲಿನಿಂದ. ಡಾಂಬರಿನ ಬಿರುಕಿನಲ್ಲಿ ನೀರು ಇಳಿದು ಅಡಿಯ ಜಲ್ಲಿಯ ಹಿಡಿತ ಸಡಿಲವಾಗುತ್ತದೆ. ಲಾರಿಯ ಚಕ್ರ ಒತ್ತಿದಾಗಲೆಲ್ಲ ಆ ನೀರು ಸಣ್ಣ ಮಣ್ಣನ್ನು ಹೊತ್ತುಕೊಂಡು ಮೇಲಕ್ಕೆ ಚಿಮ್ಮುತ್ತದೆ. ಆಧಾರ ತಪ್ಪಿದ ಡಾಂಬರು ಹೆಂಚಿನಂತೆ ಮುರಿದು ಏಳುತ್ತದೆ. ಚಳಿ ದೇಶಗಳಲ್ಲಿ ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುವುದೂ ಇದಕ್ಕೆ ಕಾರಣ; ಕಾರವಾರದಿಂದ ಭಟ್ಕಳದವರೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೊಂದೇ ಸಾಕು. ಸಿಂಕ್‌ಹೋಲ್ ಇದಕ್ಕೆ ತಿರುವುಮುರುವು: ಒಡೆದ ಕೊಳವೆಯ ನೀರಿಗೆ ಮಣ್ಣು ಕೊಚ್ಚಿಹೋಗಿಯೋ ಸುಣ್ಣಕಲ್ಲು ಕರಗಿಯೋ ಅಡಿಯಲ್ಲಿ ಪೊಳ್ಳಾಗಿ, ಮೇಲಿನ ನೆಲ ಒಮ್ಮೆಲೇ ಒಳಗೆ ಬೀಳುತ್ತದೆ.

ಪರೀಕ್ಷೆಗೆ ಒಂದು ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಉದ್ದನೆಯ ಪಟ್ಟಿ) ಸಾಕು. ದೂರದಲ್ಲೇ ನಿಂತು ಇಳಿಸಿದಾಗ ತುದಿಗೆ ಜಲ್ಲಿ ಕಟಕಟ ತಾಗಿದರೆ ಪಾಟ್‌ಹೋಲ್ ಎಂದು ಬರೆಯಬಹುದು. ಅಂಚಿನ ಡಾಂಬರಿನ ಅಡಿಗೆ ದಬ್ಬೆ ಅಡ್ಡಡ್ಡ ನುಗ್ಗಿಹೋದರೆ ಸಿಂಕ್‌ಹೋಲ್ ಎಂಬ ಅನುಮಾನವನ್ನು ಬರೆದು, ಆ ಕಡೆ ಯಾರೂ ಹೋಗದಂತೆ ಮಾಡುವುದು ಮೇಲು. ಹೊಂಡವೇ ಇಲ್ಲದೆ ಚಕ್ರದ ಜಾಡಿನಲ್ಲಿ ಉದ್ದಕ್ಕೂ ತಗ್ಗಾಗಿದ್ದರೆ ಅದು ರಟ್.

ಇಷ್ಟಾದ ಮೇಲೆ ನಿಘಂಟು ತೆರೆದವರು ಗಾಬರಿಯಾಗಬಾರದು, ಏಕೆಂದರೆ ಪಾಟ್‌ಹೋಲ್ ಮೊದಲಿಗೆ ರಸ್ತೆಯ ಪದವಲ್ಲ. ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಲ್ಲಿ ‘ಪಾಟ್’ ಎಂದರೆ ಆಳವಾದ ಕುಳಿ; 19ನೇ ಶತಮಾನದಲ್ಲಿ ಭೂವಿಜ್ಞಾನದ ಬರಹಗಳು ಬಂಡೆಯ ದುಂಡು ಕುಳಿಗಳಿಗೆ ಪಾಟ್‌ಹೋಲ್ ಎಂದ ಬಳಿಕವೇ ಅದು ರಸ್ತೆಗೆ ಇಳಿಯಿತು. ಈ ಮೂಲ ಅರ್ಥವನ್ನು ನಮ್ಮವರಿಗೆ ವಿವರಿಸುವುದು ಸುಲಭ. ಒರಳುಕಲ್ಲಿನಲ್ಲಿ ಗುಂಡು ತಿರುಗಿ ತಿರುಗಿ ಕುಳಿ ನುಣುಪಾಗುವ ಹಾಗೆ, ಹೊಳೆಯ ಸುಳಿಗೆ ಸಿಕ್ಕ ಕಲ್ಲುಗಳು ಒಂದೇ ಜಾಗದಲ್ಲಿ ಸುತ್ತುತ್ತ ಬಂಡೆಯನ್ನು ಕೊರೆಯುತ್ತವೆ. ನೀರಿಳಿದ ಬೇಸಿಗೆಯಲ್ಲಿ ಘಟ್ಟದ ಹೊಳೆಗಳ ಬಂಡೆಯ ಮೇಲೆ ನಡೆದವರು ಇಂಥ ಕುಳಿಗಳನ್ನು, ತಳದಲ್ಲಿ ಉಳಿದ ಗುಂಡುಕಲ್ಲುಗಳ ಸಮೇತ, ನೋಡಿಯೇ ಇರುತ್ತಾರೆ. ಶಿರಸಿ ಬಳಿಯ ಸಹಸ್ರಲಿಂಗದಲ್ಲಿ ಶಾಲ್ಮಲಾ ಹೊಳೆಯ ಕಲ್ಲುಗಳ ಮೇಲಿನ ಲಿಂಗಗಳು ಉಳಿಯ ಕೆಲಸವಾದರೆ, ಪಾಟ್‌ಹೋಲ್ ನೀರಿನದೇ ಕೆತ್ತನೆ. ಮಹಾರಾಷ್ಟ್ರದ ನಿಘೋಜದಲ್ಲಿ ಕುಕಡಿ ನದಿ ಕೊರೆದ ಇಂಥ ಕುಳಿಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ.

ಬ್ರಿಟನ್ನಿನಲ್ಲಿ ನೆಟ್ಟಗೆ ಕೆಳಗಿಳಿಯುವ ಗುಹೆಯೂ ಪಾಟ್‌ಹೋಲ್, ಹಗ್ಗ ಕಟ್ಟಿಕೊಂಡು ಅದರೊಳಗೆ ಇಳಿಯುವ ಹವ್ಯಾಸ ಪಾಟ್‌ಹೋಲಿಂಗ್. ಅಲ್ಲಿನ ಪಾಟ್‌ಹೋಲರ್‌ನನ್ನು ರಸ್ತೆ ರಿಪೇರಿಗೆ ಕರೆದರೆ ಪ್ರಯೋಜನವಿಲ್ಲ. ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಹಿಮನದಿಗಳು ಬಿಟ್ಟುಹೋದ ತಗ್ಗುಗಳಲ್ಲಿ ನೀರು ನಿಂತು ಬಾತುಗಳು ಮರಿ ಮಾಡುವ ಜೌಗಿಗೂ ಇದೇ ಹೆಸರು. ಕ್ರೇಟರ್ ಜ್ವಾಲಾಮುಖಿಯ ಬಾಯಿಗೆ, ಇಲ್ಲವೇ ಮಹಾರಾಷ್ಟ್ರದ ಲೋಣಾರದಂತೆ ಉಲ್ಕೆ ಬಿದ್ದ ಜಾಗಕ್ಕೆ ಸಲ್ಲುವ ಪದ. ಅದರ ಗ್ರೀಕ್ ಮೂಲಕ್ಕೆ ದ್ರಾಕ್ಷಾರಸ ಬೆರೆಸುವ ಪಾತ್ರೆಯೆಂಬ ಅರ್ಥವಿರುವುದು ಸ್ವಾರಸ್ಯವಾದರೂ ಅರ್ಜಿಯಲ್ಲಿ ಅದು ಬೈಗುಳದಂತೆ ಕೇಳಿಸುತ್ತದೆ.

ಕೊನೆಗೆ, ಪದದ ಜೊತೆ ಗುರುತು ಮತ್ತು ಅಳತೆ ಬರೆಯಬೇಕು. ಕಿಲೋಮೀಟರ್ ಕಲ್ಲಿನ ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಅರ್ಜಿ ಯಾರಿಗೆಂಬುದು ಅದರಿಂದಲೇ ಗೊತ್ತಾಗುತ್ತದೆ. ನಮ್ಮ ಪರಿಚಿತರ ಅರ್ಜಿಯಲ್ಲಿ ಡಿಚ್, ಪಿಟ್ ಎರಡನ್ನೂ ಹೊಡೆದುಹಾಕಿ, ರಸ್ತೆಯ ಎಡಬದಿಯಲ್ಲಿ ಎರಡು ಅಡಿ ಅಗಲ, ಐದು ಇಂಚು ಆಳದ ಪಾಟ್‌ಹೋಲ್ ಎಂದು ಬರೆದೆವು. ಕ್ರೇಟರ್ ಒಂದನ್ನು ಮಾತ್ರ ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಅದಕ್ಕೆ ಇನ್ನೊಂದು ಚಹಾ ಬೇಕಾಯಿತು.