ಮೊದಲನೇ ಸಲ ಬೆಟ್ಟ ಹತ್ತೋರು ಯಾವ ಬೆಟ್ಟ ಆರಿಸ್ಕೋಬೇಕು? ಎತ್ತರ ಬಿಡಿ, ಏರು ನೋಡಿ

ಮೊದಲನೇ ಟ್ರೆಕ್‌ಗೆ ಎಲ್ಲಿಗೆ ಹೋಗೋಣ ಅಂತ ಯಾರಾದ್ರೂ ಕೇಳಿದ್ರೆ ಥಟ್ಟಂತ ಬರೋ ಉತ್ತರ ಕುಮಾರ ಪರ್ವತ, ಇಲ್ಲಾಂದ್ರೆ ಕುದುರೆಮುಖ. ರೀಲ್ಸಲ್ಲಿ ಕಾಣ್ಸೋದೇ ಅವೆರಡು, ಹಸಿರು ಗುಡ್ಡ, ಮಂಜು, ತುದೀಲಿ ಕೈ ಚಾಚ್ಕೊಂಡು ನಿಂತಿರೋ ಫೋಟೋ. ಎರಡೂ ಅದ್ಭುತ ಬೆಟ್ಟಗಳೇ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಇದುವರೆಗೂ ಬೆಟ್ಟ ಅಂತ ಹತ್ತಿಲ್ದೇ ಇರೋರನ್ನ ಸೀದಾ ಅಲ್ಲಿಗೆ ಕರ್ಕೊಂಡು ಹೋಗೋದು ನಂಗೆ ಸರಿ ಅನ್ಸಲ್ಲ. ಅರ್ಧ ದಾರೀಲಿ ಕಾಲು ಹಿಡ್ಕೊಂಡು, ನೀರು ಖಾಲಿಯಾಗಿ, ಹೆಂಗೋ ಇಳಿದು ಬಂದೋರು ಆಮೇಲೆ "ಟ್ರೆಕ್ಕಿಂಗ್ ನಂಗಲ್ಲ ಬಿಡಪ್ಪ" ಅಂತ ಕೈ ಮುಗಿದುಬಿಡ್ತಾರೆ. ನಿಜವಾಗ್ಲೂ ಅವರಿಗೆ ಬೆಟ್ಟ ಆಗ್ಬಾರದು ಅಂತೇನಿಲ್ಲ, ಆರಿಸಿದ ಬೆಟ್ಟ ತಪ್ಪಾಗಿತ್ತು ಅಷ್ಟೇ.

ಆರಿಸೋವಾಗ ಎಲ್ಲರೂ ಮೊದ್ಲು ನೋಡೋದು ಎತ್ತರ. ಅದು ನಿಮಗೆ ಹೆಚ್ಚೇನೂ ಹೇಳಲ್ಲ. ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, 1,930 ಮೀಟರ್. ಕುಮಾರ ಪರ್ವತ 1,712 ಮೀಟರ್, ಅಂದ್ರೆ 200 ಮೀಟರ್‌ಗಿಂತ ಜಾಸ್ತಿನೇ ಕಮ್ಮಿ. ಹಂಗಿದ್ರೂ ಮೊದಲನೇ ಸಲದೋರಿಗೆ ಮುಳ್ಳಯ್ಯನಗಿರಿ ಆರಾಮಾಗಿ ಆಗತ್ತೆ, ಕುಮಾರ ಪರ್ವತ ಜೀವ ಹಿಂಡತ್ತೆ. ಕಾರಣ ಸಿಂಪಲ್, ಚಿಕ್ಕಮಗಳೂರು ಊರೇ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ, ಮುಳ್ಳಯ್ಯನಗಿರಿಗೆ ನಡೆದು ಹತ್ತೋ ಕಾಲುದಾರಿ, ಸರ್ಪದಾರಿ ಅಂತಾರೆ, ಅದು ಶುರುವಾಗೋ ಜಾಗ ಅದಕ್ಕಿಂತಲೂ ಮೇಲೆ, ಅಲ್ಲಿಂದ ನೀವು ನಡೆಯೋದು ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ. ಕುಮಾರ ಪರ್ವತದ ನಡಿಗೆ ಶುರುವಾಗೋ ಕುಕ್ಕೆ ಸುಬ್ರಹ್ಮಣ್ಯ ಇರೋದು ಸುಮಾರು 120 ಮೀಟರಲ್ಲಿ, ಅಲ್ಲಿಂದ ತುದಿಗೆ ಒಂದ್ ಕಡೆಗೇ ಹೆಚ್ಚುಕಮ್ಮಿ 13 ಕಿಲೋಮೀಟರ್, ಏರು 1,600 ಮೀಟರ್. ಹಂಗಾಗಿ ಯಾವ ಬೆಟ್ಟ ನೋಡಿದ್ರೂ ತುದಿ ಎಷ್ಟು ಎತ್ತರ ಅಂತ ಕೇಳೋ ಬದ್ಲು, ನಡಿಗೆ ಶುರುವಾಗೋ ಜಾಗದಿಂದ ತುದಿವರೆಗೆ ಎಷ್ಟು ಮೀಟರ್ ಏರ್ಬೇಕು, ಎಷ್ಟು ದೂರದಲ್ಲಿ ಏರ್ಬೇಕು ಅಂತ ಕೇಳಿ.

ಈ ಎರಡು ಸಂಖ್ಯೆ ಸಿಕ್ಬಿಟ್ರೆ ಟೈಮ್ ಲೆಕ್ಕ ಹಾಕೋಕೆ ಒಂದು ಹಳೇ ಸೂತ್ರ ಇದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನೋರು 1892ರಲ್ಲಿ ಕೊಟ್ಟಿದ್ದು, ಇವತ್ತಿಗೂ ಬಳಸ್ತಾರೆ. ಪ್ರತಿ 5 ಕಿಲೋಮೀಟರ್ ನಡಿಗೆಗೆ 1 ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಕಡೆಯಿಂದ ಕುಮಾರ ಪರ್ವತಕ್ಕೆ ಇದನ್ನ ಹಾಕಿ ನೋಡಿ, 13 ಕಿಲೋಮೀಟರ್‌ಗೆ ಎರಡೂವರೆ ಗಂಟೆ ಚಿಲ್ಲರೆ, 1,600 ಮೀಟರ್‌ಗೆ ಎರಡೂಮುಕ್ಕಾಲು ಗಂಟೆ ಹತ್ರ, ಒಟ್ಟು ಐದೂಕಾಲು ಗಂಟೆ. ಅದೂ ಅಭ್ಯಾಸ ಇರೋರು, ಎಲ್ಲೂ ಕೂರದೆ, ಫೋಟೋ ತೆಗೀದೆ ನಡೆದ್ರೆ. ಹೊಸಬರು ಇದಕ್ಕೆ ಅರ್ಧದಷ್ಟು ಸೇರಿಸ್ಕೊಳ್ಳಿ, ಎಂಟು ಗಂಟೆ ಆಯ್ತು, ಇದು ಬರೀ ಹತ್ತೋಕೆ. ಇಳಿಯೋಕೆ ಇನ್ನೂ ಐದಾರು ಗಂಟೆ ಬೇಕು, ಚಳಿಗಾಲದಲ್ಲಿ ಸಂಜೆ ಆರಕ್ಕೆಲ್ಲಾ ಕತ್ತಲು, ಮೇಲೆ ಟೆಂಟ್ ಹಾಕೋಕೂ ಬಿಡಲ್ಲ. ಮೊದಲನೇ ಸಲಕ್ಕೆ ಯಾಕೆ ಬೇಡ ಅಂತೀನಿ ಅಂತ ಈ ಲೆಕ್ಕನೇ ಹೇಳತ್ತೆ. ನನ್ನ ಕೇಳಿದ್ರೆ ಮೊದಲನೇ ಬೆಟ್ಟಕ್ಕೆ ಏರು 500ರಿಂದ 700 ಮೀಟರ್ ಒಳಗೆ ಇರ್ಲಿ, ಹೋಗಿ ಬರೋದು ಸೇರಿ 14 ಕಿಲೋಮೀಟರ್ ದಾಟ್ದೇ ಇರ್ಲಿ.

ಇನ್ನೊಂದು, ಸಂಖ್ಯೆ ಮಾತ್ರ ನೋಡಿದ್ರೆ ಸಾಲಲ್ಲ, ಆ ಏರು ಎಲ್ಲಿ ಬರತ್ತೆ ಅನ್ನೋದನ್ನೂ ನೋಡ್ಬೇಕು. ಕುಮಾರ ಪರ್ವತದಲ್ಲಿ ಮೊದಲ ಭಾಗ ಕಾಡೊಳಗೆ, ನೆರಳಿರತ್ತೆ, ದಾರೀಲಿ ಸಿಗೋ ಭಟ್ಟರ ಮನೆ ದಾಟಿ ಫಾರೆಸ್ಟ್ ಚೆಕ್‌ಪೋಸ್ಟ್ ಆದ್ಮೇಲೆ ಬಟಾಬಯಲು ಹುಲ್ಲುಗಾವಲು, ತಲೆ ಮೇಲೆ ಬಿಸಿಲು ಹೊಡೀತಿರತ್ತೆ. ಕಲ್ಲುಮಂಟಪ ದಾಟಿ ಶೇಷಪರ್ವತ ಹತ್ತಿದಾಗ ಬಂದ್ಬಿಡ್ತು ಅನ್ಸತ್ತೆ, ಆದ್ರೆ ಅಲ್ಲಿಂದ ಕೆಳಗೆ ಕಾಡಿಗಿಳಿದು ಬಂಡೆ ಹತ್ತಿ ಮತ್ತೆ ಏರ್ಬೇಕು. ದಣಿದ ಮೈಗೆ ಆ ಇಳಿದು ಹತ್ತೋದಿದ್ಯಲ್ಲ, ಅದು ಬಹಳ ಬೇಜಾರು ಮಾಡ್ಸತ್ತೆ. ಸೋಮವಾರಪೇಟೆ ಕಡೆಯಿಂದ, ಬೀದಳ್ಳಿ ಹತ್ರದಿಂದ ಹತ್ತಿದ್ರೆ ದೂರ ಹೆಚ್ಚುಕಮ್ಮಿ ಅರ್ಧ ಆಗತ್ತೆ, ಒಂದೇ ಬೆಟ್ಟ, ಬೇರೆ ದಾರಿ, ಬೇರೆನೇ ಟ್ರೆಕ್ ಅದು.

ಈಗ ಹೆಸರು ಹಿಡಿದು ಹೇಳ್ತೀನಿ.

ಆದ್ರೆ ಅದಕ್ಕೂ ಮುಂಚೆ ನಿಮ್ಮ ಕಾಲು ಹೆಂಗಿದೆ ಅಂತ ಒಂದ್ಸಲ ನೋಡ್ಕೊಳ್ಳಿ. ಮೈಸೂರವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ, ಬೆಂಗಳೂರವರಿಗೆ ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಬೆಟ್ಟದ ಮೆಟ್ಟಿಲಿದೆ. ಒಂದು ಗಂಟೆ ಒಳಗೆ ಹತ್ತಿ, ಮಾತಾಡೋಕೆ ಉಸಿರಿದ್ದು, ಅವತ್ತೇ ಇಳಿದು, ಮಾರನೇ ದಿನ ಮನೆ ಮೆಟ್ಟಿಲು ಇಳಿಯೋಕೆ ಗೋಡೆ ಹಿಡೀಬೇಕಾಗಿ ಬರ್ಲಿಲ್ಲ ಅಂದ್ರೆ ನೀವು ರೆಡಿ. ಗೋಡೆ ಹಿಡೀಬೇಕಾಯ್ತಾ, ಏನೂ ತೊಂದ್ರೆ ಇಲ್ಲ, ಮೂರ್ನಾಲ್ಕು ವಾರ ಮೆಟ್ಟಿಲು ಹತ್ತಿ ಇಳೀರಿ, ಸರಿ ಹೋಗತ್ತೆ. ಟ್ರೆಡ್‌ಮಿಲ್ ಮೇಲೆ ಸಮತಟ್ಟಾಗಿ ಓಡೋದು ಇದಕ್ಕೆ ಅಷ್ಟಾಗಿ ಬರಲ್ಲ, ಇಳಿಯೋವಾಗ ಕೆಲಸ ಮಾಡೋ ತೊಡೆ ಸ್ನಾಯು ಪಳಗೋದು ಇಳಿದ್ರೆನೇ.

ಬೆಂಗಳೂರು ಹತ್ರದ್ದು ಬೇಕು, ಒಂದೇ ಬೆಳಗ್ಗೆಲಿ ಮುಗೀಬೇಕು ಅಂದ್ರೆ ಸ್ಕಂದಗಿರಿ ಒಳ್ಳೇದು, ಎತ್ತರ ಸುಮಾರು 1,450 ಮೀಟರ್, ಹೋಗಿ ಬರೋಕೆ 8 ಕಿಲೋಮೀಟರ್ ಆಸುಪಾಸು. ಶಿವಗಂಗೆನೂ ಒಳ್ಳೇ ಆಯ್ಕೆ, ಮೆಟ್ಟಿಲಿದೆ, ದಾರಿ ತಪ್ಪೋ ಭಯ ಇಲ್ಲ. ಆದ್ರೆ ಒಳಕಲ್ಲು ತೀರ್ಥ ದಾಟಿದ್ಮೇಲೆ ಬಂಡೇಲೇ ಕಡಿದ ಮೆಟ್ಟಿಲು ಕಡಿದಾಗಿದೆ, ಕಬ್ಬಿಣದ ಕಂಬಿ ಹಿಡ್ಕೊಂಡು ಹತ್ಬೇಕು, ಎತ್ತರ ಅಂದ್ರೆ ತಲೆ ಸುತ್ತೋರು ಅಲ್ಲಿ ಒಂದ್ ಸ್ವಲ್ಪ ಯೋಚ್ನೆ ಮಾಡಿ. ಕೋತಿಗಳ ಕಾಟನೂ ಇದೆ, ಕೈಲಿ ಕವರ್ ಹಿಡ್ಕೊಂಡು ಹೋಗ್ಲೇಬೇಡಿ, ಎಲ್ಲಾ ಬ್ಯಾಗೊಳಗೆ.

ಮಾಗಡಿ ಹತ್ರದ ಸಾವನದುರ್ಗದ ಬಗ್ಗೆ ಮಾತ್ರ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಅದನ್ನ ಎಲ್ಲಾ ಲಿಸ್ಟಲ್ಲೂ ಬಿಗಿನರ್ ಟ್ರೆಕ್ ಅಂತ ಹಾಕಿರ್ತಾರೆ. ಎತ್ತರ 1,226 ಮೀಟರ್, ದೂರ ಕಮ್ಮಿ, ಕಾಗದದ ಮೇಲೆ ಸುಲಭನೇ. ಆದ್ರೆ ಅದು ಒಂದೇ ಬಂಡೆ, ಬೋಳು ಬಂಡೆ. ನೀವು ಹತ್ತೋದು ಪೂರ್ತಿ ಶೂ ಹಿಡಿತದ ನಂಬಿಕೆ ಮೇಲೆ. ಒಣಗಿದ್ದಾಗ ಪಾದ ಪೂರ್ತಿ ಊರಿ, ಸಣ್ಣ ಸಣ್ಣ ಹೆಜ್ಜೆ ಇಟ್ರೆ ಬಂಡೆ ಚೆನ್ನಾಗಿ ಹಿಡಿಯತ್ತೆ, ಒಂದು ಮಳೆ ಬಿದ್ರೆ ಅದೇ ಬಂಡೆ ಮೇಲೆ ನಿಲ್ಲೋಕೂ ಆಗಲ್ಲ, ಪಾಚಿ ಇರೋ ಕಡೆಯಂತೂ ಕಾಲಿಡ್ಲೇಬಾರದು. ಬಿಸಿಲು ಏರಿದ್ರೆ ಬಂಡೆ ಕಾದು ಕೆಳಗಿಂದಲೂ ಸುಡತ್ತೆ, ನೆರಳು ಅಪರೂಪ. ದಾರಿ ಗುರುತಿಗೆ ಹಾಕಿರೋ ಬಾಣಗಳನ್ನ ಬಿಟ್ಟು ಶಾರ್ಟ್‌ಕಟ್ ಹುಡುಕೋಕೆ ಹೋದೋರೇ ಹತ್ತಿದ ಮೇಲೆ ಇಳಿಯೋಕಾಗ್ದೇ ಸಿಕ್ಕಾಕೊಳ್ಳೋದು. ಚಳಿಗಾಲದ ಒಣ ಬೆಳಗ್ಗೆ, ಗೊತ್ತಿರೋರ ಜೊತೆ ಹೋದ್ರೆ ಸರಿ. ಮಳೆಗಾಲದಲ್ಲಿ ಖಂಡಿತ ಬೇಡ.

ಬೆಟ್ಟ ಹತ್ತಿದ್ವಿ ಅನ್ನೋ ನಿಜವಾದ ಖುಷಿ ಬೇಕು ಅಂದ್ರೆ ಮಲೆನಾಡಿಗೋ ಕೊಡಗಿಗೋ ಬರ್ಬೇಕು. ಇಲ್ಲಿ ನನ್ನ ಮೊದಲ ಓಟು ಮುಳ್ಳಯ್ಯನಗಿರಿಗೆ, ರಸ್ತೇಲಲ್ಲ, ಸರ್ಪದಾರಿ ಹಿಡಿದು. ಏರು ಕಡಿದಾಗಿದೆ ಆದ್ರೆ ಬೇಗ ಮುಗಿಯತ್ತೆ, ಎರಡು ಎರಡೂವರೆ ಗಂಟೆಲಿ ದೇವಸ್ಥಾನದ ಹತ್ರ ಇರ್ತೀರಿ. ಇದರ ದೊಡ್ಡ ಅನುಕೂಲ ಏನಂದ್ರೆ ತುದಿ ಹತ್ರದವರೆಗೂ ಗಾಡಿ ರಸ್ತೆ ಇದೆ. ಯಾರಿಗಾದ್ರೂ ಮಂಡಿ ಹಿಡ್ಕೊಂಡ್ರೆ, ವಾಂತಿ ಗೀಂತಿ ಆದ್ರೆ, ಇಳಿಯೋದು ಗಾಡೀಲಿ. ಮೊದಲನೇ ಬೆಟ್ಟಕ್ಕೆ ಈ ತರ ಅರ್ಧದಲ್ಲಿ ಬಿಟ್ಟು ಬರೋಕೆ ಒಂದು ದಾರಿ ಇರೋದು ಬಹಳ ಮುಖ್ಯ, ಅಪ್ಪ ಅಮ್ಮನ್ನೋ ಮಕ್ಕಳನ್ನೋ ಕರ್ಕೊಂಡು ಹೋಗೋರಿಗಂತೂ ಇದೇ ಮೊದಲು ನೋಡ್ಬೇಕಾದ್ದು. ಕೊಡಚಾದ್ರಿಗೂ ಇದೇ ಅನುಕೂಲ ಇದೆ, 1,343 ಮೀಟರ್, ಹಿಡ್ಲುಮನೆ ಜಲಪಾತದ ಕಡೆಯಿಂದ ನಡೆದು ಹತ್ತಿ ಸುಸ್ತಾದ್ರೆ ಜೀಪಲ್ಲಿ ಇಳೀಬಹುದು. ಆ ಜೀಪ್ ದಾರಿ ಸೊಂಟಕ್ಕೆ ಒಳ್ಳೇದಲ್ಲ, ಅದು ಬೇರೆ ವಿಷ್ಯ.

ಎರಡನೇದು ತಡಿಯಂಡಮೋಳ್, 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಕಕ್ಕಬ್ಬೆ ಹತ್ರ ನಾಲ್ಕುನಾಡು ಅರಮನೆಯಿಂದ ನಡಿಗೆ ಶುರು, 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಅರಮನೆ ಅದು, ಹೋಗೋವಾಗ್ಲೋ ಬರೋವಾಗ್ಲೋ ಒಂದರ್ಧ ಗಂಟೆ ಒಳಗೆ ಹೋಗಿ ನೋಡಿ. ಈ ಬೆಟ್ಟ ಹೊಸಬರಿಗೆ ಯಾಕೆ ಒಗ್ಗತ್ತೆ ಅಂದ್ರೆ ಏರು ನಿಧಾನಕ್ಕೆ ಬರತ್ತೆ. ಮೊದಲು ಅಗಲವಾದ ದಾರಿ, ಮೈ ಬಿಸಿಯಾಗತ್ತೆ, ಆಮೇಲೆ ಹುಲ್ಲುಗಾವಲು, ಎದುರಿಗೇ ತುದಿ ಕಾಣ್ತಿರತ್ತೆ, ಇನ್ನೆಷ್ಟಿದೆ ಅಂತ ಗೊತ್ತಾಗ್ತಿರತ್ತೆ. ಕಷ್ಟ ಇರೋದು ಕೊನೇ ಒಂದು ಕಿಲೋಮೀಟರಲ್ಲಿ. ಅಲ್ಲಿ ಶೋಲಾ ಕಾಡಿನ, ಅಂದ್ರೆ ಹುಲ್ಲುಗಾವಲ ಮಧ್ಯೆ ಕಣಿವೇಲಿ ಬೆಳೆಯೋ ದಟ್ಟ ಕಾಡಿನ ಒಳಗೆ ನುಗ್ತೀರಿ, ಒಂದೇ ಸಲ ತಂಪು, ಮರದ ಬೇರುಗಳೇ ಮೆಟ್ಟಿಲು, ಒದ್ದೆ ಮಣ್ಣು, ಕೈ ಊರಿ ಹತ್ತೋ ಜಾಗಗಳಿವೆ. ಅಲ್ಲಿ ಅವಸರ ಮಾಡ್ಬೇಡಿ. ಅದನ್ನ ದಾಟಿ ಹೊರಗೆ ಬಂದ್ರೆ ಬಯಲು, ಗಾಳಿ, ಸುತ್ತಲೂ ಬೆಟ್ಟದ ಸಾಲು. ಮೊದಲನೇ ಬೆಟ್ಟ ಹಿಂಗಿರ್ಬೇಕು ಅಂತ ನಂಗನ್ಸತ್ತೆ.

ಕುದುರೆಮುಖ ಮೂರನೇದಾಗಿ ಇಟ್ಕೊಳ್ಳಿ. 1,894 ಮೀಟರ್, ನಡಿಗೆ ಶುರುವಾಗೋ ಮುಳ್ಳೋಡಿಯಿಂದ ಹೋಗಿ ಬರೋಕೆ 20 ಕಿಲೋಮೀಟರ್ ಹತ್ರ, ಒಂದೇ ದಿನದಲ್ಲಿ ಮುಗಿಸ್ಬೇಕು, ಕ್ಯಾಂಪಿಂಗ್ ಇಲ್ಲ. ಏರು ಭಯಂಕರ ಅಲ್ಲ, ದೂರವೇ ತಿನ್ನೋದು. ಪುಣೆ, ಮುಂಬೈಲಿರೋ ನಮ್ಮವರು ಮೊದಲನೇದಕ್ಕೆ ಇಲ್ಲಿಗೆ ಬರ್ಬೇಕಂತಿಲ್ಲ, ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ, 1,646 ಮೀಟರ್, ಕಡಿದಾದ ಕಡೆಯೆಲ್ಲಾ ಕಬ್ಬಿಣದ ಏಣಿ ಇದೆ, ವೀಕೆಂಡ್ ಬಿಟ್ಟು ಹೋದ್ರೆ ಚೆನ್ನಾಗಿರತ್ತೆ. ಇನ್ನು ಕೆಲವರು ಮೊದಲನೇ ಟ್ರೆಕ್ಕೇ ಹಿಮಾಲಯ, ಉತ್ತರಾಖಂಡದ ಕೇದಾರಕಂಠ ಅಂತಾರೆ. ಅದು 3,800 ಮೀಟರ್ ಮೇಲೆ, ನಮ್ಮ ಬೆಟ್ಟಗಳಲ್ಲಿ ಇಲ್ದೇ ಇರೋ ಒಂದು ತೊಂದ್ರೆ ಅಲ್ಲಿದೆ, ಗಾಳಿ ತೆಳುವಾಗಿ ತಲೆನೋವು, ವಾಕರಿಕೆ ಬರೋದು. ಅದು ನಿಮಗೆ ಬರತ್ತಾ ಇಲ್ವಾ ಅಂತ ಊರಲ್ಲಿ ಕೂತು ಹೇಳೋಕಾಗಲ್ಲ. ಕಾಲು ಬೆಟ್ಟಕ್ಕೆ ಪಳಗಿದ ಮೇಲೆ ಹೋದ್ರೆ ಒಂದು ಚಿಂತೆ ಆದ್ರೂ ಕಮ್ಮಿ.

ತಿಂಗಳು ಯಾವ್ದು ಅನ್ನೋದು ಬೆಟ್ಟ ಯಾವ್ದು ಅನ್ನೋದರಷ್ಟೇ ಮುಖ್ಯ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಹೊಸಬರಿಗೆ ಹೇಳಿ ಮಾಡಿಸಿದ ಕಾಲ, ಮಳೆ ನಿಂತಿರತ್ತೆ, ಹಸಿರು ಇನ್ನೂ ಇರತ್ತೆ, ತೊರೆಗಳಲ್ಲಿ ನೀರಿರತ್ತೆ. ಫೆಬ್ರವರಿ ಆದ್ಮೇಲೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ, ಅರಣ್ಯ ಇಲಾಖೆ ಬಹಳಷ್ಟು ಟ್ರೆಕ್ ಮುಚ್ಚಿಬಿಡತ್ತೆ. ಏಪ್ರಿಲ್, ಮೇ ಮಧ್ಯಾಹ್ನ ಗುಡುಗು ಸಿಡಿಲು, ಬಯಲು ತುದೀಲಿ ಆಗ ನಿಲ್ಲೋದು ಅಪಾಯ. ಮಳೆಗಾಲದಲ್ಲಿ ಇಂಬಳ ಕಾಲಿಗೆ ಹತ್ತಿ ರಕ್ತ ಕುಡಿಯೋದು ದೊಡ್ಡ ವಿಷ್ಯ ಅಲ್ಲ, ಉಪ್ಪೋ ನಶ್ಯವೋ ಹಾಕಿದ್ರೆ ಬಿಡತ್ತೆ, ಬೆಳಗ್ಗೆ ಮೊಣಕಾಲುದ್ದ ಇದ್ದ ಹಳ್ಳ ಸಂಜೆ ವಾಪಸ್ ಬರೋವಾಗ ದಾಟೋಕಾಗ್ದೇ ಇರೋದು ದೊಡ್ಡ ವಿಷ್ಯ.

ಪರ್ಮಿಷನ್ ಮೊದಲೇ ತಗೊಳ್ಳಿ. 2024ರ ಜನವರಿ ಕೊನೇಲಿ ಕುಮಾರ ಪರ್ವತದಲ್ಲಿ ಜಾತ್ರೆ ತರ ಜನ ಸೇರಿದ ವಿಡಿಯೋ ಎಲ್ಲರೂ ನೋಡಿದೀರಿ, ಅದಾದ್ಮೇಲೆನೇ ಬುಕಿಂಗ್ ನಿಯಮ ಬಿಗಿಯಾಗಿದ್ದು. ಈಗ ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಲ್ಲಿ ಬುಕ್ ಮಾಡ್ಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಐಡಿ ಕಾರ್ಡ್ ಒರಿಜಿನಲ್ ಇಟ್ಕೊಳ್ಳಿ. ಅಲ್ಲಿ ನೋಡಿದ್ರೆ ನಿಮ್ಮ ಬೆಟ್ಟ ಅವತ್ತು ತೆರೆದಿದ್ಯಾ ಅನ್ನೋದೂ ಗೊತ್ತಾಗತ್ತೆ. ಆರ್ಗನೈಸರ್ ಜೊತೆ ಹೋಗೋದಾದ್ರೆ ಪರ್ಮಿಟ್ ಯಾರ ಹೆಸರಲ್ಲಿದೆ, ಒಬ್ಬ ಗೈಡ್‌ಗೆ ಎಷ್ಟು ಜನ, ಹಿಂದೆ ಉಳಿದೋರ ಜೊತೆ ಯಾರು ಬರ್ತಾರೆ, ಈ ಮೂರು ಕೇಳಿ. ಮೂರನೇದಕ್ಕೆ ನೆಟ್ಟಗೆ ಉತ್ತರ ಕೊಡ್ದೇ ಇರೋರ ಜೊತೆ ಹೋಗ್ಬೇಡಿ, ಯಾಕಂದ್ರೆ ಮೊದಲನೇ ಸಲ ಹಿಂದೆ ಉಳಿಯೋದು ನೀವೇ ಇರಬಹುದು. ರಾತ್ರಿ ಪೂರ್ತಿ ಬಸ್ಸಲ್ಲಿ ಕೂರಿಸಿ, ನಿದ್ದೆ ಇಲ್ದೇ ಬೆಳಗ್ಗೆ ಸೀದಾ ಬೆಟ್ಟಕ್ಕೆ ಬಿಡೋ ಪ್ಯಾಕೇಜ್‌ಗಳೂ ಹೊಸಬರಿಗೆ ಬೇಡ, ಹಿಂದಿನ ದಿನವೇ ಹೋಗಿ ಹೋಂಸ್ಟೇಲಿ ಮಲಗಿ.

ಸಾಮಾನು ಅಂತ ದೊಡ್ಡ ಖರ್ಚು ಬೇಕಿಲ್ಲ. ಹಿಡಿತ ಇರೋ ಶೂ, ಅದೂ ಹಳೇದು, ಹೊಸ ಶೂ ಹಾಕ್ಕೊಂಡು ಬೆಟ್ಟಕ್ಕೆ ಬಂದ್ರೆ ಹಿಮ್ಮಡಿ ಬೊಬ್ಬೆ ಗ್ಯಾರಂಟಿ. ನೀರು ತಲೆಗೆ ಎರಡರಿಂದ ಮೂರು ಲೀಟರ್, ಓಆರ್‌ಎಸ್, ಕಡ್ಲೆ ಚಿಕ್ಕಿ, ಒಂದು ಹೊತ್ತಿನ ಚಪಾತಿನೋ ಚಿತ್ರಾನ್ನನೋ, ರೇನ್‌ಕೋಟು, ಟಾರ್ಚು, ಕಸ ವಾಪಸ್ ತರೋಕೆ ಒಂದು ಚೀಲ. ಪ್ಲಾಸ್ಟಿಕ್ ಚೆಕ್‌ಪೋಸ್ಟಲ್ಲಿ ನೋಡ್ತಾರೆ, ನೋಡದಿದ್ರೂ ಬಿಸಾಡ್ಬೇಡಿ, ದಯವಿಟ್ಟು. ಹಿಂದಿನ ದಿನ ಕಾಲುಗುರು ಕತ್ತರಿಸ್ಕೊಳ್ಳಿ. ಇಳಿಯೋವಾಗ ಪಾದ ಮುಂದಕ್ಕೆ ಜಾರಿ ಉಗುರು ಶೂಗೆ ಗುದ್ದಿ ಗುದ್ದಿ ರಕ್ತ ಕಟ್ಟಿ ಕಪ್ಪಾಗತ್ತೆ, ಹಂಗಾಗಿ ತುದೀಲಿ ಒಂದ್ಸಲ ಲೇಸ್ ಬಿಚ್ಚಿ, ಹಿಮ್ಮಡಿ ಹಿಂದಕ್ಕೆ ತಳ್ಳಿ, ಬಿಗಿಯಾಗಿ ಕಟ್ಕೊಂಡು ಇಳೀರಿ.

ಹೊರಡೋಕೆ ಮುಂಚೆ ವಾಪಸ್ ತಿರುಗೋ ಟೈಮ್ ಒಂದು ಫಿಕ್ಸ್ ಮಾಡಿ, ಮಧ್ಯಾಹ್ನ ಒಂದು ಗಂಟೆ ಅನ್ಕೊಳ್ಳಿ, ಅಷ್ಟೊತ್ತಿಗೆ ತುದಿ ಸಿಗ್ಲಿಲ್ಲ ಅಂದ್ರೆ ಎಲ್ಲಿದ್ರೂ ಅಲ್ಲಿಂದ ಇಳಿಯೋದು. ಮನೇಲಿ ಒಬ್ಬರಿಗೆ ಯಾವ ಬೆಟ್ಟ, ಯಾವ ದಾರಿ, ಎಷ್ಟೊತ್ತಿಗೆ ಫೋನ್ ಮಾಡ್ತೀವಿ ಅಂತ ಹೇಳಿ ಹೋಗಿ, ಮೇಲೆ ಬಹಳ ಕಡೆ ನೆಟ್‌ವರ್ಕ್ ಇರಲ್ಲ. ಬಂದ ಮೇಲೆ ಎರಡು ಮೂರು ದಿನ ತೊಡೆ, ಮೀನಖಂಡ ನೋಯೋದು ಮಾಮೂಲಿ, ಅದು ಹೋದ್ಮೇಲೆ ಮುಂದಿನದಕ್ಕೆ ಬುಕ್ ಮಾಡಿ. ಮಂಡಿ ಕೀಲೇ ಊದ್ಕೊಂಡು ವಾರ ಆದ್ರೂ ಮೆಟ್ಟಿಲು ಇಳಿಯೋವಾಗ ಚುಚ್ಚತಿದ್ರೆ ಡಾಕ್ಟರ್‌ಗೆ ತೋರಿಸಿ, ಆಮೇಲೆ ಕುದುರೆಮುಖದ ಮಾತು.