ಕ್ಲಚ್ ಹೋಯ್ತು ಅಂದ್ಕೊಂಡೆ, ಸೋರಿದ್ದು ಬ್ರೇಕು

ಒಂದು ದಿನ ಕ್ಲಚ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಬಾನೆಟ್ ಎತ್ತಿದರೆ ಬ್ರೇಕ್ ಆಯಿಲ್ ಡಬ್ಬಿ ಖಾಲಿ. ನನ್ನ ಕಾರಿನಲ್ಲಿ ಎರಡಕ್ಕೂ ಒಂದೇ ಡಬ್ಬಿ. ಕ್ಲಚ್ಚಿನ ಪೈಪು ಸ್ವಲ್ಪ ಮೇಲಿನಿಂದ ಹೊರಡುತ್ತದೆ, ಹಾಗಾಗಿ ಆಯಿಲ್ ಇಳಿದರೆ ಮೊದಲು ಸಾಯುವುದು ಕ್ಲಚ್ಚೇ. ಬ್ರೇಕ್ ಪೆಡಲ್ಲೂ ಮೆತ್ತಗಾಗಿತ್ತು. ಗಾಡಿ ಅಲ್ಲೇ ನಿಲ್ಲಿಸಿದೆ.

ಸುಮ್ನೆ ಆಯಿಲ್ ತುಂಬಿ, ಪೈಪಿನೊಳಗೆ ಸೇರಿದ ಗಾಳಿ (ಏರ್) ತೆಗೆಯಲು ಹೊರಡಬೇಡಿ, ಮೊದಲು ಸೋರಿದ್ದೆಲ್ಲಿ ಅಂತ ಹುಡುಕಿ. ನನಗೆ ಹಿಂದಿನ ಎಡ ಚಕ್ರದ ಒಳಮೈ ಒದ್ದೆಯಾಗಿ ಕಂಡಿತು. ಡ್ರಮ್ ಬಿಚ್ಚಿದರೆ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ಸೀಲ್ ಹೋಗಿದೆ, ಬ್ರೇಕ್ ಶೂ ಆಯಿಲ್ ಕುಡಿದಿದೆ. ಸಿಲಿಂಡರ್ ಬದಲಿಸಿದೆ, ಶೂಗಳನ್ನು ಎರಡೂ ಕಡೆ ಹೊಸದು ಹಾಕಿದೆ.

ಡಬ್ಬಿಯ ಮುಚ್ಚಳದ ಮೇಲೆ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಅಂತಿತ್ತು, ಸೀಲ್ ಒಡೆಯದ ಹೊಸ ಬಾಟಲಿಯನ್ನೇ ತಂದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ಸೇರಿದರೆ ಅದು 155ರವರೆಗೂ ಇಳಿಯಬಹುದು. ಪೇಂಟಿಗೆ ಬಿದ್ದರೆ ಪೇಂಟ್ ಕಿತ್ತು ಬರುತ್ತದೆ, ತಕ್ಷಣ ತೊಳೆಯಲು ಪಕ್ಕದಲ್ಲಿ ನೀರು ಇಟ್ಟುಕೊಂಡಿರಿ.

ಬ್ರೇಕಿನ ಏರ್ ತೆಗೆಯಲು ಇಬ್ಬರು ಬೇಕು. ತಮ್ಮ ಪೆಡಲ್ ಮೇಲೆ, ನಾನು ಚಕ್ರದ ಹತ್ತಿರ, ನಿಪ್ಪಲ್ಲಿಗೆ (ಗಾಳಿ ಹೊರಬಿಡುವ ಸಣ್ಣ ತಿರುಪು) ಪಾರದರ್ಶಕ ಪೈಪು ಸಿಕ್ಕಿಸಿ ತುದಿಯನ್ನು ಬಾಟಲಿಯ ಆಯಿಲ್‌ನಲ್ಲಿ ಮುಳುಗಿಸಿದೆ. "ಒತ್ತು, ಹಿಡ್ಕೋ" ಅಂತ ಹೇಳಿ ನಿಪ್ಪಲ್ ಸಡಿಲಿಸುತ್ತಿದ್ದೆ, ಅದನ್ನು ಬಿಗಿ ಮಾಡಿದ ಮೇಲೇ "ಬಿಡು". ಇದು ತಪ್ಪಿದರೆ ಹೊರಗಿನ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಪೆಡಲ್ ಪೂರ್ತಿ ತಳ ಮುಟ್ಟದಂತೆ ಕೆಳಗೆ ಮರದ ತುಂಡು ಇಟ್ಟಿದ್ದೆವು, ಯಾಕಂದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದಾಗಿ ಅದರ ತುದಿಯಲ್ಲಿ ಕೊಳೆ, ತುಕ್ಕು ಇದ್ದರೆ ಸೀಲ್ ಹರಿದುಹೋಗಬಹುದು. ನನ್ನ ಗಾಡಿಗೆ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು. ಎಲ್ಲ ಗಾಡಿಗೂ ಇದೇ ಕ್ರಮವಲ್ಲ, ಮ್ಯಾನುಯಲ್ ನೋಡಿಕೊಳ್ಳಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದು ಅದರ ಯೂನಿಟ್ಟಿಗೇ ಗಾಳಿ ಹೊಕ್ಕಿದ್ದರೆ ಸ್ಕ್ಯಾನರ್ ಹಾಕಿ ಪಂಪ್ ಓಡಿಸಬೇಕಾಗಬಹುದು.

ಕ್ಲಚ್ ಮಾತ್ರ ಜಾಸ್ತಿ ಕಾಡಿತು. ಎಷ್ಟು ಒತ್ತಿದರೂ ಪೆಡಲ್ ಮೇಲೇಳಲಿಲ್ಲ, ಪ್ರತಿ ಸಲ ಕೈಯಲ್ಲಿ ಎತ್ತಬೇಕು. ಗುಳ್ಳೆ ಮೇಲಕ್ಕೇ ಏರುತ್ತದೆ ಅಲ್ವಾ, ನಾವು ಅದನ್ನು ಕೆಳಗೆ ತಳ್ಳುತ್ತಿದ್ದೆವು! ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆದು, ದೊಡ್ಡ ಸಿರಿಂಜಿನಲ್ಲಿ ಹೊಸ ಆಯಿಲ್ ತುಂಬಿ, ಕೆಳಗೆ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್‌ನ ನಿಪ್ಪಲ್ಲಿನಿಂದ ನಿಧಾನಕ್ಕೆ ಮೇಲಕ್ಕೆ ಒತ್ತಿದೆ. ಡಬ್ಬಿಯಲ್ಲಿ ಗುಳುಗುಳು ಅಂತ ಗುಳ್ಳೆಗಳು ಎದ್ದವು. ಮೂರನೇ ಸಿರಿಂಜಿಗೆ ಪೆಡಲ್ ತಾನಾಗಿಯೇ ಮೇಲೆ ಬಂತು.

ಎಂಜಿನ್ ಚಾಲೂ ಮಾಡಿ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದೆ, ತಮ್ಮ ಒಂದೊಂದೇ ನಿಪ್ಪಲ್ಲಿಗೆ ಒಣ ಕಾಗದ ಒತ್ತಿ ನೋಡಿದ. ಎಲ್ಲ ಒಣಗಿತ್ತು.